ಬೇಸಿಗೆ ದಾಟಿದ ಗುಲಾಬಿ

ಬ್ಯಾಂಕಿನ ವರ್ಗಾವಣೆಯ ಮೇಲೆ ಹುಬ್ಬಳ್ಳಿಯಿಂದ ನಾಗಪುರಕ್ಕೆ ಬಂದ ಸುಲೋಚನಾ ಬೇಗ ಹಿಂತಿರುಗುವ ಯೋಚನೆಯಲ್ಲಿದ್ದರು. ಬಜಾಜ್ ನಗರದ ಮನೆಯ ಮಹಡಿಯಲ್ಲಿ ಒಂದು ಗುಲಾಬಿ ನೆಟ್ಟರು. ಇಲ್ಲಿನ ಬಿಸಿಲಿನಲ್ಲೂ ಅದು ಬದುಕಿತು, ಅವರೂ ಉಳಿದುಬಿಟ್ಟರು.

ನಿವೃತ್ತಿಯ ನಂತರ, ಮಹಡಿಯಲ್ಲಿ ಗುಲಾಬಿ ಬೆಳೆಯುವವರಿಗಾಗಿ ಅವರೊಂದು ವೆಬ್‌ಸೈಟ್ ಶುರುಮಾಡಿದರು. ಕನ್ನಡದವರು, ಮರಾಠಿಯವರು ಎಲ್ಲರೂ ಸೇರಿಕೊಂಡರು. ಅದರ ಖರ್ಚು ಸದಸ್ಯರ ಜಾಹೀರಾತಿನಿಂದಲೇ ನಡೆಯಬೇಕು, ಹೊರಗಿನ ಕಂಪನಿಗಳದ್ದು ಬೇಡ ಎಂಬುದು ಎಲ್ಲರ ಒಪ್ಪಂದ. ಸಸಿ ಮಾರುವ ಸದಸ್ಯರಿಗೆ ಒಂದೇ ನಿಯಮ: ಆ ಸಸಿ ಸುಲೋಚನಾರ ಮಹಡಿಯಲ್ಲಿ ಒಂದು ಬೇಸಿಗೆ ದಾಟಬೇಕು. ಅವರೇ ಅದರ ಬೇರಿನ ಹಳೆಯ ಮಣ್ಣು ಕೊಡವಿ ಇಲ್ಲಿನ ಕಪ್ಪು ಮಣ್ಣಿನಲ್ಲಿ ನೆಡುತ್ತಿದ್ದರು. ಮೇ ತಿಂಗಳು ಮುಗಿದ ಮೇಲೆ ಚಿಗುರಿದ್ದರೆ, ಜಾಹೀರಾತಿನ ಕೆಳಗೆ ತಮ್ಮ ಹೆಸರಿನಲ್ಲಿ ‘ನನ್ನ ಮಹಡಿಯಲ್ಲಿ ಬೇಸಿಗೆ ದಾಟಿದೆ’ ಎಂದು ಬರೆಯುತ್ತಿದ್ದರು. ಜನ ಹೂವಿನ ಚಿತ್ರ ನೋಡುತ್ತಿರಲಿಲ್ಲ, ಆ ಸಾಲನ್ನು ನೋಡಿ ಕೊಳ್ಳುತ್ತಿದ್ದರು.

ಎಲ್ಲರಿಗಿಂತ ದೊಡ್ಡ ಜಾಹೀರಾತು ಕುಮುದಾಳದು. ಪಕ್ಕದ ಓಣಿಯವಳು, ಬೀದರಿನ ಕಡೆಯವಳು, ಇಪ್ಪತ್ತು ವರ್ಷದ ಗೆಳತಿ. ಹೋದ ಮೇ ತಿಂಗಳಲ್ಲಿ ಧಾರವಾಡದ ಅಕ್ಕ ಬಿದ್ದು ಸೊಂಟ ಮುರಿದುಕೊಂಡಾಗ ಸುಲೋಚನಾ ಅಲ್ಲಿಗೆ ಹೋದರು. ಗಿಡಗಳಿಗೆ ನೀರು ಹಾಕುವ ಕೆಲಸ ಸಹಜವಾಗಿ ಕುಮುದಾಳಿಗೆ ಬಂತು. ಮಳೆ ಹಿಡಿದ ಮೇಲೆ ಮರಳಿದರೆ ಎಲ್ಲ ಕುಂಡಗಳಲ್ಲೂ ಚಿಗುರು. ಸುಲೋಚನಾ ಸಂತೋಷದಿಂದ ಎಲ್ಲರ ಜಾಹೀರಾತಿಗೂ ತಮ್ಮ ಸಾಲು ಬರೆದರು.

ಅಕ್ಟೋಬರಿನ ಬಿಸಿಲು ಏರಿದಾಗ ನಾಗಪುರದ ಹತ್ತಿರದ ಮೌದಾದಿಂದ ಉಮಾಕಾಂತನ ಫೋನ್ ಬಂತು. ಅಲ್ಲಿನ ವಿದ್ಯುತ್ ಸ್ಥಾವರದ ನೌಕರ, ಹೊಸ ಸದಸ್ಯ.

“ಅಕ್ಕಾರ, ಕುಮುದಕ್ಕನ ಗುಲಾಬಿ ಅಷ್ಟೂ ಒಣಗ್ಯಾವ್ರಿ. ಕಾಲನಿಯೊಳಗ ನಾಕ್ ಮನ್ಯಾಗ ಹಿಂಗಽ ಆಗೇದ. ನಿಮ್ಮ ಹೆಸರು ನೋಡಿ ತಗೊಂಡಿದ್ವಿ.”

“ನೀರು ಬರೋಬರ್ ಹಾಕೀರೇನಪಾ?”

“ಕೂಸಿಗೆ ಹಾಲು ಕುಡಸಿಧಂಗ ಕುಡಸೇವ್ರಿ.”

ಸುಲೋಚನಾ ಮಹಡಿಗೆ ಹೋಗಿ ಕುಮುದಾಳ ಗಿಡವಿದ್ದ ಕುಂಡವನ್ನು ಮಗುಚಿದರು. ಮೇಲೆ ತೆಳುವಾಗಿ ಕಪ್ಪು ಮಣ್ಣು. ಒಳಗೆ ನರ್ಸರಿಯ ಚೀಲದ ಆಕಾರದಲ್ಲೇ ಗಟ್ಟಿಯಾಗಿ ನಿಂತ ಕೆಂಪು ಮಣ್ಣು. ಅವರು ನೆಟ್ಟ ಗಿಡ ಅದಲ್ಲ. ಅದು ಈ ಊರಿನ ಮೇ ತಿಂಗಳನ್ನು ಕಂಡೇ ಇರಲಿಲ್ಲ.

ಕರೆದಾಗ ಕುಮುದಾ ಬಂದಳು, ಕೆಂಪು ಹೆಂಟೆಯನ್ನು ನೋಡಿದಳು.

“ನೀ ಹಾಕಿದ್ದು ಸತ್ತಿತ್ತು ಸುಲೂ. ಬ್ಯಾರೆ ತಂದಿಟ್ಟೆ.”

“ನನಗ ಹೇಳಬೇಕಿತ್ತಲಾ.”

“ಹೇಳಿದ್ರ ನನ್ನ ಜಾಹೀರಾತು ತಗೀತಿದ್ದಿ. ಆಮ್ಯಾಲೆ ಸೈಟ್ ಹೆಂಗ ನಡಸ್ತಿದ್ದಿ? ನಿನ್ನ ಸಲುವಾಗೇ ಮಾಡೀನಿ.”

“ನನ್ನ ಸಲುವಾಗಿ ನನ್ನ ಕೈಲೇ ಸುಳ್ಳು ಬರಸಿದಿ?”

“ಒಂದು ಗಿಡದ ಮಾತಿಗೆ ಎಷ್ಟು ಮಾಡ್ತೀಯವಾ!”

“ಉಳಿದವರ ಗಿಡ? ಅವೂ ಬದಲು ಮಾಡೀಯೇನು?”

ಕುಮುದಾ ಮಣ್ಣು ಹತ್ತಿದವಳಂತೆ ಸೆರಗಿನ ತುದಿಯಿಂದ ಕೈ ಒರೆಸಿಕೊಂಡಳು. ಅವಳು ಮಣ್ಣು ಮುಟ್ಟಿರಲೇ ಇಲ್ಲ. ಮೆಟ್ಟಿಲಿಳಿದು ಹೋದಳು.

ಆ ಮಧ್ಯಾಹ್ನ ಸುಲೋಚನಾ ಉಳಿದ ಕುಂಡಗಳನ್ನೂ ಮಗುಚಿದರು. ಕೆಲವುಗಳಲ್ಲಿ ಕಪ್ಪು, ಕೆಲವುಗಳಲ್ಲಿ ಕೆಂಪು. ಕಪ್ಪು ಮಣ್ಣಿನವೂ ಅವರ ಕಣ್ಣೆದುರು ಬೇಸಿಗೆ ಕಳೆದವಲ್ಲ. ಯಾವುದಕ್ಕೆ ಆಣೆ ಮಾಡುವುದು? ಗಿಡಗಳಿಗಿಂತ ಹೆಚ್ಚಾಗಿ ಅವರನ್ನು ಸುಟ್ಟದ್ದು ಆ ಜೂನ್ ತಿಂಗಳ ಸಂತೋಷ. ಚಿಗುರು ಕಂಡು ಅವರು ಕುಮುದಾಳನ್ನು ತಬ್ಬಿಕೊಂಡಿದ್ದರು, ಅವಳೂ ತಬ್ಬಿಕೊಂಡಿದ್ದಳು.

ಸಂಜೆ ವೆಬ್‌ಸೈಟಿನಿಂದ ಎಲ್ಲ ಜಾಹೀರಾತುಗಳನ್ನೂ ತೆಗೆದರು. ಪಿಂಚಣಿಯಿಂದ ಖರ್ಚು ತುಂಬಬಹುದಿತ್ತು. ಆದರೆ ಆಗ ಸೈಟ್ ಎಲ್ಲರದಾಗಿ ಉಳಿಯುತ್ತಿರಲಿಲ್ಲ. ಖಾಲಿ ಪುಟದಲ್ಲಿ ಎರಡೂ ಭಾಷೆಗಳಲ್ಲಿ ಬರೆದರು: ‘ಈ ವರ್ಷ ನಾನು ಕೊಟ್ಟ ಮಾತು ಸುಳ್ಳಾಗಿದೆ. ಬೇಸಿಗೆಯಲ್ಲಿ ನಾನು ಇಲ್ಲಿರಲಿಲ್ಲ. ಹಣ ಕಟ್ಟಿರುವ ಡಿಸೆಂಬರ್‌ವರೆಗೆ ಮಾತ್ರ ಸೈಟ್ ಇರುತ್ತದೆ.’

ಕುಮುದಾಳ ಹೆಸರನ್ನು ಬರೆಯಲಿಲ್ಲ. ಕರುಣೆಯಿಂದಲ್ಲ. ಆ ಹೆಸರನ್ನು ಟೈಪ್ ಮಾಡಲು ಬೆರಳು ಏಳಲಿಲ್ಲ, ಅಷ್ಟೆ.