ನಾಟಕದಲ್ಲಿ ಇಲ್ಲದ ಮಾತು

ಪಾವಗಡದ ರಾಮಾಂಜಿನಮ್ಮ ಸ್ಟೇಜಿನ ಮೇಲೆ ಎಷ್ಟು ಗಂಡಂದಿರಿಗಾಗಿ ಅತ್ತಿದ್ದಾಳೋ ಲೆಕ್ಕವಿಲ್ಲ. ನಮ್ಮ ಕಡೆ ನಾಟಕ ಆಡುವಾಗ ಗಂಡು ಪಾತ್ರಗಳೆಲ್ಲ ಊರವರದು. ಹೆಣ್ಣು ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತೇವೆ. ನಾನು ಹಾರ್ಮೋನಿಯಂ ನುಡಿಸುವವನು. ಅವಳ ಹಾಡಿಗೆ ಶ್ರುತಿ ಹಿಡಿಯುತ್ತಲೇ ನನ್ನ ತಲೆ ನೆರೆಯಿತು. ಅವಳ ಸ್ವಂತ ಗಂಡ ಮಾತ್ರ, ಬಣ್ಣ ಹಚ್ಚುವವಳ ನಡತೆ ನಂಬಲಾಗದು ಎಂದು ಅವಳನ್ನು ಮನೆಯಿಂದ ಹೊರಗೆ ಹಾಕಿದ. ಅನುಮಾನ ಸುಳ್ಳೆಂದು ಆಮೇಲೆ ಅವನಿಗೇ ಗೊತ್ತಾಯಿತು. ಆದರೂ ಅವಳೆದುರು ತಪ್ಪಾಯಿತೆಂದು ಬಾಯಿ ಬಿಡದೆ ಸತ್ತ. ನನಗೆ ಈಗಲೂ ಆ ಮನುಷ್ಯನ ಮೇಲೆ ಸಿಟ್ಟಿದೆ.

ಕೊಡಿಗೇನಹಳ್ಳಿಯ ನಿವೃತ್ತ ಇಂಗ್ಲಿಷ್ ಮೇಷ್ಟ್ರು ವೆಂಕಟರಾಮಯ್ಯನವರಿಗೆ ಹೋದ ವರ್ಷ ಒಂದು ಹುಚ್ಚು ಹಿಡಿಯಿತು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಓದಿದವರನ್ನೆಲ್ಲ ಅಳಿಸಿದ ಕಾದಂಬರಿಯೊಂದನ್ನು ನಾಟಕ ಮಾಡಿದರು. ಇಂಗ್ಲೆಂಡಿನ ಬಂಗಲೆ ಮಧುಗಿರಿಯ ಸಾಹುಕಾರನ ಮನೆಯಾಯಿತು, ಪಿಯಾನೋ ನನ್ನ ಹಾರ್ಮೋನಿಯಂ ಆಯಿತು. ಕಥೆ ಇಷ್ಟೆ: ಸುಳ್ಳು ಅನುಮಾನದಿಂದ ಗಂಡ ಓಡಿಸಿದ ಹೆಂಡತಿ, ವರ್ಷಗಳ ಮೇಲೆ ಮಗಳ ಮದುವೆಗೆ ಅಡುಗೆಯವಳಾಗಿ ಬರುತ್ತಾಳೆ. ಗಂಡನಿಗೆ ಗುರುತು ಸಿಗುತ್ತದೆ, ಆದರೆ ಮರ್ಯಾದೆಗೆ ಅಂಜಿ ಸುಮ್ಮನಿರುತ್ತಾನೆ. ಅವಳು ಹೊರಟುಹೋಗುತ್ತಾಳೆ.

ಗಂಡನ ಪಾತ್ರ ದೊಡ್ಡರಂಗಪ್ಪನದು. ಅದುವರೆಗೆ ಬರೀ ರಾಜರ ಪಾತ್ರ ಮಾಡಿದ ರೈತ. ಹೆಂಡತಿಯನ್ನು ಹೊರಗೆ ಹಾಕುವಾಗಲೂ ತೊಡೆ ತಟ್ಟುತ್ತಿದ್ದ.

ಪ್ರಾಕ್ಟೀಸಿನಲ್ಲಿ ರಾಮಾಂಜಿನಮ್ಮ ಕೇಳಿದಳು: “ಮೇಷ್ಟ್ರೇ, ಅವನ ಬಾಯಾಗೆ ‘ತಪ್ಪಾಯ್ತು’ ಅಂತ ಒಂದ್ಮಾತು ಅನ್ನಿಸ್ಬುಡಿ.”

“ಮೂಲದಲ್ಲಿ ಇಲ್ಲಮ್ಮ. ಆ ಮೌನವೇ ಕಥೆಯ ಜೀವ,” ಎಂದರು ಮೇಷ್ಟ್ರು.

“ಯಾವ ದೇಶದ ಗಂಡಸ್ರೂ ಅಷ್ಟೇ ಬುಡಿ,” ಎಂದು ಅವಳು ನೀರು ಕುಡಿಯಲು ಎದ್ದು ಹೋದಳು. ಕಣ್ಣು ತುಂಬಿದ್ದು ನನಗೆ ಕಂಡಿತು, ಮೇಷ್ಟ್ರಿಗೆ ಕಾಣಲಿಲ್ಲ.

ಹಗಲು ನಾಟಕ, ಪೆಂಡಾಲು ತುಂಬಿತ್ತು. ಕೊನೆಯ ದೃಶ್ಯದಲ್ಲಿ ರಾಮಾಂಜಿನಮ್ಮ ಸೆರಗಿಗೆ ಕೈ ಒರೆಸಿಕೊಂಡು, ಮಗಳನ್ನು ದೂರದಿಂದಲೇ ನೋಡಿ, ಬಾಗಿಲತ್ತ ಹೊರಟಳು. ಮುಂದೆ ಕೂತಿದ್ದ ಮುದುಕಿ ಇಂದ್ರಮ್ಮನಿಗೆ ತಡೆಯಲಾಗಲಿಲ್ಲ. “ಲೇ ರಂಗಪ್ಪ, ಹಿಂಗೆ ಸುಮ್ಕೆ ನಿಂತ್ಕಂಡಿದ್ದೀಯಲ್ಲೋ, ಕರಿಯೋ ಅವಳ್ನ!” ಎಂದು ಕೂಗಿಬಿಟ್ಟಳು.

ದೊಡ್ಡರಂಗಪ್ಪ ಬೆವರಿದ. ಮಾತಿಲ್ಲದೆ ನಿಲ್ಲುವುದೇ ಅವನಿಗೆ ಹೊಸದು, ಊರಿನ ಹಿರಿಯಳ ಮಾತು ಮೀರುವುದು ಇನ್ನೂ ಕಷ್ಟ. ಓಡಿಹೋಗಿ ಅವಳ ಕಾಲು ಹಿಡಿದ. “ತಪ್ಪಾಯ್ತು ಕಣಮ್ಮ. ನಿಂದೇನೂ ತಪ್ಪಿರ್ಲಿಲ್ಲ. ನಾನೇ ಪಾಪಿ.”

ಸೈಡ್‌ವಿಂಗಿನಲ್ಲಿ ಮೇಷ್ಟ್ರು ತಲೆ ಚಚ್ಚಿಕೊಂಡರು. ರಾಮಾಂಜಿನಮ್ಮ ನಿಂತಲ್ಲೇ ಕುಸಿದು ಕೂತಳು. ಇಷ್ಟು ವರ್ಷ ಅವಳ ಅಳು ಕೇಳಿದ ನನಗೆ ಆ ಅಳು ಹೊಸದು. ನನ್ನ ಕೈ ಹಾರ್ಮೋನಿಯಂ ಮನೆಗಳ ಮೇಲೆ ಓಡಲೇ ಇಲ್ಲ.

ನಮ್ಮಲ್ಲಿ ಜನ ಮೆಚ್ಚಿದರೆ ‘ಒನ್ಸ್ ಮೋರ್’ ಕೂಗುತ್ತಾರೆ. ಸತ್ತ ಪಾತ್ರವೂ ಎದ್ದು, ಇನ್ನೊಮ್ಮೆ ಹಾಡಿ ಸಾಯಬೇಕು. ಅಂದು ಪೆಂಡಾಲಿಗೆ ಪೆಂಡಾಲೇ ಕೂಗಿತು. ದೊಡ್ಡರಂಗಪ್ಪ ಮತ್ತೆ ಕಾಲು ಹಿಡಿಯಲು ಬಗ್ಗಿದ. ಅವಳು ಅವನ ಎರಡೂ ಕೈ ಹಿಡಿದು ತಡೆದಳು.

“ಬ್ಯಾಡ ಕಣಣ್ಣ,” ಎಂದಳು, ಮೈಕಿನಲ್ಲಿ ಎಲ್ಲರಿಗೂ ಕೇಳುವಂತೆ. “ಇನ್ನೊಂದ್ಸಲ ಅಂದ್ರೆ ನಾಟ್ಕ ಆಗ್ಬುಡ್ತದೆ.”