ಪೀಣ್ಯದ ಛಾವಣಿಗಳನ್ನು ಎರಡು ಸಲ ಹತ್ತಿದ ಮೇಡಂ

ಮೇಡಂ ಅವರ ಎಡಗಣ್ಣಿನ ಮೇಲೆ ಹುಬ್ಬಿರಲಿಲ್ಲ. ಹಿಂದೊಮ್ಮೆ ಸಬ್‌ಸ್ಟೇಷನ್ನಿನಲ್ಲಿ ಸ್ವಿಚ್ಚೊಂದು ಮುಖದೆದುರೇ ಸಿಡಿದು ಹುಬ್ಬು ಸುಟ್ಟುಹೋಗಿತ್ತು; ಕೂದಲು ಮತ್ತೆ ಬೆಳೆಯಲಿಲ್ಲ. ದಿನಾ ಬೆಳಿಗ್ಗೆ ಕಾಡಿಗೆಯಲ್ಲಿ ಹುಬ್ಬು ಬರೆದುಕೊಂಡು ಬರುತ್ತಿದ್ದರು. ಪೀಣ್ಯದ ಶೆಡ್ಡುಗಳ ಮೇಲೆ ಎರಡು ತಾಸು ನಿಂತರೆ ಬೆವರಿಗೆ ಅದು ಕರಗಿ ಕೆನ್ನೆಗಿಳಿಯುತ್ತಿತ್ತು. ಸೆರಗಿನಿಂದ ಒರೆಸಿಕೊಂಡು, ಬೋಳು ಹುಬ್ಬಿನಲ್ಲೇ ಕಾರ್ಖಾನೆ ಮಾಲೀಕರ ಎದುರು ನಿಂತು ಪ್ರಶ್ನೆ ಕೇಳುತ್ತಿದ್ದರು. ಯಾವ ಕಣ್ಣು ನೋಡಬೇಕೆಂದು ತಿಳಿಯದೆ ಎದುರಿನವರು ನಿಜ ಹೇಳಿಬಿಡುತ್ತಿದ್ದರು.

ಅವರು ವಿದ್ಯುತ್ ಕಚೇರಿಯ ಯೋಜನಾ ವಿಭಾಗದಲ್ಲಿ ಇಂಜಿನಿಯರು, ಗದಗದ ಕಡೆಯವರು. ನಾನು ಮಾದನಾಯಕನಹಳ್ಳಿಯವನು, ಡಿಪ್ಲೊಮಾ ಓದಿ ಅವರ ಕೈಕೆಳಗೆ ಗುತ್ತಿಗೆ ಮೇಲೆ ಅಳತೆ ಕೆಲಸಕ್ಕಿದ್ದವನು. ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುವುದಕ್ಕೆ ಮುಂಚಿನ ಮಾತು. ಕರೆಂಟು ಹೋದರೆ ಪೀಣ್ಯದ ಜನರೇಟರುಗಳೆಲ್ಲ ಒಟ್ಟಿಗೆ ಗುಡುಗುತ್ತಿದ್ದವು. ಹೊಗೆಗೆ ಎದುರಿನ ಬೋರ್ಡು ಓದಲಾಗುತ್ತಿರಲಿಲ್ಲ. ಊರು ಮಾತ್ರ ನಿಲ್ಲದೆ ಬೆಳೆಯುತ್ತಿತ್ತು. ಮುಂದಿನ ಹದಿನೈದು ವರ್ಷ ಈ ಕಡೆಗೆಲ್ಲ ಕರೆಂಟು ಎಲ್ಲಿಂದ ತರುವುದು ಎಂಬ ಯೋಜನೆ ಬರೆಯುವ ಕೆಲಸ ಮೇಡಂ ಪಾಲಿಗೆ ಬಂತು.

"ಎಷ್ಟ ಕರೆಂಟ್ ಬೇಕು ಅಂತ ಎಲ್ಲಾರೂ ಕೇಳ್ತಾರ ತಮ್ಮಾ," ಎನ್ನುತ್ತಿದ್ದರು. "ಎಷ್ಟೊತ್ತಿಗೆ ಬೇಕು ಅಂತ ಯಾರೂ ಕೇಳಂಗಿಲ್ಲ."

ಅವರ ಯೋಜನೆಯೆಲ್ಲ ಆ ಒಂದು ಮಾತಿನ ಮೇಲೆ ನಿಂತಿತ್ತು. ಕಾರ್ಖಾನೆಗಳು ಓಡುವುದು ಹಗಲು, ಬಿಸಿಲಿರುವುದೂ ಹಗಲು. ಹಾಗಾದರೆ ಹಗಲಿನ ಕರೆಂಟು ಆ ಶೆಡ್ಡುಗಳ ನೆತ್ತಿಯ ಮೇಲೇ, ಸೋಲಾರ್ ಪ್ಯಾನೆಲ್ಲುಗಳಲ್ಲಿ ಹುಟ್ಟಲಿ. ಮಳೆಗಾಲದಲ್ಲಿ ಮೋಡ ಕವಿದಾಗ ಚಿತ್ರದುರ್ಗದ ಗುಡ್ಡಗಳಲ್ಲಿ ಗಾಳಿ ಜೋರಾಗುತ್ತದೆ, ಅದನ್ನು ತರೋಣ. ಅಣೆಕಟ್ಟಿನ ನೀರನ್ನು ಹಗಲು ಸುಮ್ಮನೆ ಹರಿಸದೆ, ಊರೆಲ್ಲ ದೀಪ ಹಾಕುವ ಸಂಜೆಗೆ ಉಳಿಸೋಣ. ಇಷ್ಟೇ. ಆದರೆ ಯಾವ ಛಾವಣಿ ಭಾರ ತಡೆಯುತ್ತದೆ, ಯಾವುದರ ಮೇಲೆ ಪಕ್ಕದ ಚಿಮಣಿಯ ನೆರಳು ಬೀಳುತ್ತದೆ ಎಂದು ಕೂತಲ್ಲೇ ಹೇಳುವವರಲ್ಲ ಅವರು. ಗಂಡಸರ ಕ್ಯಾನ್ವಾಸ್ ಶೂ ಹಾಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಏಣಿ ಹತ್ತುತ್ತಿದ್ದರು. ಶೀಟಿನ ಛಾವಣಿಯ ಮೇಲೆ ನಡೆಯುವುದನ್ನು ನನಗೆ ಕಲಿಸಿದವರೂ ಅವರೇ. "ಬೋಲ್ಟಿನ ಸಾಲಿನ ಮ್ಯಾಲೆ ಕಾಲಿಡು ತಮ್ಮಾ. ಬೋಲ್ಟ್ ಇದ್ದಲ್ಲಿ ಕೆಳಗ ಕಬ್ಬಿಣ ಇರ್ತೈತಿ." ಮಧ್ಯಾಹ್ನ ಯಾವುದಾದರೂ ನೀರಿನ ಟ್ಯಾಂಕಿನ ನೆರಳಲ್ಲಿ ಕೂತು ಜೋಳದ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚುತ್ತಿದ್ದರು. ನನ್ನ ಪಾಲಿನದು ಬೇರೆ ಕಟ್ಟಿರುತ್ತಿತ್ತು.

ಮನಸ್ಸಿನಲ್ಲಿಟ್ಟುಕೊಂಡದ್ದನ್ನು ಅವರು ಬಿಡುತ್ತಿರಲಿಲ್ಲ. ಕಚೇರಿ ಎದುರಿನ ಟೀ ಅಂಗಡಿಯವನು ಎಂದೋ ಒಮ್ಮೆ, "ಮೇಡಂ, ನಿಮಗ್ಯಾಕೆ ಕಂಬದ ಕೆಲಸ, ಟೀಚರ್ ಆಗಬಹುದಿತ್ತಲ್ಲ" ಅಂದಿದ್ದನಂತೆ. ಅವತ್ತಿನಿಂದ ಅವನಲ್ಲಿ ಟೀ ಕುಡಿದವರಲ್ಲ. ರಸ್ತೆ ಕೊನೆಯ ಅಂಗಡಿಯಲ್ಲಿ ಕೊಂಡು, ಲೋಟ ಹಿಡಿದು ಇವನ ಮುಂದೆಯೇ ನಡೆದುಬರುತ್ತಿದ್ದರು. ನಾನು ನೋಡಿದಂತೆ ಐದು ವರ್ಷ.

ನಮ್ಮ ವಿಭಾಗದ ಮುಖ್ಯಸ್ಥರನ್ನು ಎಲ್ಲರೂ ದೊಡ್ಡ ಸಾಹೇಬರು ಎನ್ನುತ್ತಿದ್ದರು. ಅವರಿಗೆ ಊರಾಚೆ ಒಂದು ಡೀಸೆಲ್ ವಿದ್ಯುತ್ ಸ್ಥಾವರ ಬೇಕಿತ್ತು. ಯಾಕೆ ಬೇಕಿತ್ತು ಎಂದು ಊಹಿಸಬಲ್ಲೆ, ಬರೆಯಲಾರೆ. ಮೇಡಂ ಎರಡು ವರ್ಷದ ಕೆಲಸವನ್ನು ಸಭೆಯ ಮುಂದಿಟ್ಟ ದಿನ ಸಾಹೇಬರು ನಕ್ಷೆಗಳನ್ನು ಬೆರಳ ತುದಿಯಲ್ಲಿ ಸರಿಸಿ, "ಚೆನ್ನಾಗಿದೆ ಮೇಡಂ. ಛಾವಣಿ ಮೇಲೆ ಸಂಡಿಗೆನೂ ಒಣಗಿಸಬಹುದು" ಎಂದರು. ಎಲ್ಲರೂ ನಕ್ಕರು. ಮೇಡಂ ನಕ್ಷೆ ಮಡಚಲಿಲ್ಲ. "ಡೀಸೆಲ್ ಯಾಕ ಬೇಕು, ಯಾವ ತಾಸಿಗೆ ಬೇಕು, ಅದನ್ನೊಂದ ಬರದು ಕೊಡ್ರಿ ಸರ್" ಎಂದರು. ನಗು ನಿಂತಿತು. ಸಾಹೇಬರ ಮುಖ ಬಿಗಿಯಿತು.

ತಿಂಗಳೊಳಗೆ ಮೇಡಂ ಮೇಲೆ ವಿಚಾರಣೆ ಬಂತು. ಛಾವಣಿ ಹತ್ತದೆ ಕಚೇರಿಯಲ್ಲೇ ಕೂತು ಸುಳ್ಳು ಅಳತೆ ಬರೆದಿದ್ದಾರೆ ಎಂಬ ಆರೋಪ. ಸಾಹೇಬರು ನನ್ನನ್ನು ಕರೆದು ಕೂರಿಸಿ, ಕಾಫಿ ತರಿಸಿದರು. ಕಾಯಂ ಆಗುವವರ ಪಟ್ಟಿಯಲ್ಲಿ ನನ್ನ ಹೆಸರಿದೆ ಎಂದರು. ಟೈಪ್ ಮಾಡಿದ ಹಾಳೆಯೊಂದನ್ನು ಮುಂದಿಟ್ಟರು: ನಾನು ಯಾವ ಛಾವಣಿಯನ್ನೂ ಹತ್ತಿಲ್ಲ, ಮೇಡಂ ಹೇಳಿದ ಅಂಕಿಗಳನ್ನು ಬರೆದುಕೊಂಡಿದ್ದೇನೆ.

ನಾನು ಸಹಿ ಮಾಡಿದೆ. ಹೆಂಡತಿ, ಎರಡು ಮಕ್ಕಳು ಎಂದೆಲ್ಲ ಕಾರಣ ಹೇಳಬಹುದು. ಕಾಫಿ ಮುಗಿಯುವುದರೊಳಗೆ ಸಹಿ ಮಾಡಿದೆ ಎನ್ನುವುದು ಸತ್ಯ.

ಮೇಡಂ ಅವರನ್ನು ಜಿಗಣಿಯ ಉಗ್ರಾಣಕ್ಕೆ ಹಾಕಿದರು, ಸುಟ್ಟ ಟ್ರಾನ್ಸ್‌ಫಾರ್ಮರುಗಳ ನಡುವೆ. ಅವರ ನಕ್ಷೆಗಳು ಸಾಹೇಬರ ಬೀರು ಸೇರಿದವು. ಡೀಸೆಲ್ ಸ್ಥಾವರಕ್ಕೆ ಆ ಕಡೆಯ ಹಳ್ಳಿಯವರು ಜಾಗ ಬಿಡದೆ ಅದೂ ಏಳಲಿಲ್ಲ. ನನ್ನನ್ನು ಕಾಯಂ ಮಾಡಲೂ ಇಲ್ಲ.

ಒಂದು ಭಾನುವಾರ ಬೆಳಿಗ್ಗೆ ಮೇಡಂ ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದರು. ಕ್ಯಾನ್ವಾಸ್ ಶೂ, ಹೆಗಲಿಗೆ ಅಳತೆ ಟೇಪು. ನನ್ನ ಹೆಂಡತಿ ಕಾಫಿ ತಂದರೆ ಮುಟ್ಟಲಿಲ್ಲ.

"ಛಾವಣಿ ಹತ್ತಿಲ್ಲ ಅಂತ ಬರದು ಕೊಟ್ಟೀರಲ್ರೀ," ಎಂದರು. "ಬರ್ರಿ, ಈಗ ಹತ್ತೂಣು."

ತಮ್ಮಾ ಎಂದು ಕರೆಯುತ್ತಿದ್ದವರು 'ರೀ' ಅಂದರು. ಆಮೇಲೆ ಎಂದೂ ಬದಲಿಸಲಿಲ್ಲ. ಬೈದಿದ್ದರೆ ಎದುರು ಮಾತಾಡುತ್ತಿದ್ದೆನೇನೋ. ಚಪ್ಪಲಿ ಮೆಟ್ಟಿ ಹಿಂದೆ ನಡೆದೆ.

ಹಾಗೆ ಪ್ರತಿ ಭಾನುವಾರ, ವರ್ಷಗಟ್ಟಲೆ. ಅದೇ ಛಾವಣಿಗಳನ್ನು ಎರಡನೇ ಸಲ ಹತ್ತಿದೆವು. ಈ ಸಲ ಪ್ರತಿ ಅಳತೆಯ ಕೆಳಗೆ ಮಾಲೀಕರ ಸಹಿ, ತಾರೀಖು. ನಾನು ಆ ದಿನದ ಪೇಪರು ಹಿಡಿದು ನಿಲ್ಲಬೇಕು, ಅವರು ಫೋಟೊ ತೆಗೆಯಬೇಕು. ಯಾವ ಶೆಡ್ಡು ಕೆಡವಿದರೋ ಅದರ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಕೆಡವಿದ ದಿನ ಬರೆಯುತ್ತಿದ್ದರು. ರೊಟ್ಟಿ ತರುತ್ತಿದ್ದರು, ಒಬ್ಬರಿಗಾಗುವಷ್ಟು. ನನ್ನ ಡಬ್ಬಿ ನಾನೇ ಒಯ್ಯುತ್ತಿದ್ದೆ.

"ಸಾಹೇಬರ ಬಗ್ಗೆ ಮೇಲಿನವರಿಗೆ ಒಂದು ಅರ್ಜಿ ಕೊಡಬಹುದಲ್ವಾ ಮೇಡಂ?" ಎಂದು ಒಮ್ಮೆ ಕೇಳಿದೆ.

"ಅರ್ಜಿ ಕೊಟ್ರ ಅವಗ ಉತ್ತರ ಬರಿಯಾಕ ಟೈಮ್ ಸಿಗ್ತೈತ್ರಿ. ನಾ ಟೈಮ್ ಕೊಡಂಗಿಲ್ಲ. ಒಂದ ದಿನ ನಾಕು ಮಂದಿ ಮುಂದ ಸಿಗ್ತಾನ."

ಸಿಕ್ಕರು. ಅಷ್ಟರಲ್ಲಿ ಸಾಹೇಬರು ನಿವೃತ್ತರಾಗಿ ಖಾಸಗಿ ಕಂಪನಿಯೊಂದಕ್ಕೆ ಸಲಹೆಗಾರರಾಗಿದ್ದರು. ಬಿಸಿಲಿನ ಕರೆಂಟಿಗೆ ಬೆಲೆ ಬಂದಿತ್ತು. ಹೊಗೆಯಿಲ್ಲದ ವಿದ್ಯುತ್ತಿನ ಯೋಜನೆಯೊಂದನ್ನು ಕಂಪನಿ ಮುಂದಿಟ್ಟಿದೆ, ಸಾರ್ವಜನಿಕರ ಆಕ್ಷೇಪಣೆ ಕೇಳುತ್ತಾರೆ ಎಂದು ಪೀಣ್ಯದ ಸಭಾಂಗಣವೊಂದರಲ್ಲಿ ಸಭೆ ಕರೆದರು. ಮೇಡಂ ರಜೆ ಹಾಕಿ ಬಂದರು, ಮೂರನೇ ಸಾಲಿನಲ್ಲಿ ಕೂತರು. ನಾನು ಪಕ್ಕದಲ್ಲಿ.

ಪರದೆ ಮೇಲೆ ನಮ್ಮದೇ ನಕ್ಷೆಗಳು ಬಂದವು. ನನ್ನ ಕೈಬರಹದ ಶೆಡ್ ನಂಬರುಗಳೂ ಹಾಗೇ ಇದ್ದವು. ಸಾಹೇಬರು ಹೇಳಿದರು, "ಹೋದ ವರ್ಷ ನಾನು ಖುದ್ದಾಗಿ ನಿಂತು ಒಂದೊಂದು ಛಾವಣಿನೂ ಅಳತೆ ಮಾಡಿಸಿದ್ದೀನಿ."

ಮೇಡಂ ಎದ್ದು ನಿಂತರು. "ಹನ್ನೆರಡನೇ ಹಾಳಿಯೊಳಗ ನಾಗಸಂದ್ರದ ಒಂದು ಫೌಂಡ್ರಿ ಐತ್ರಿ. ಅದನ್ನೂ ಹೋದ ವರ್ಷನ ಅಳದ್ರೇನ್ರಿ?"

"ಹೌದಮ್ಮ. ಪ್ರತಿಯೊಂದೂ."

"ಅಲ್ಲಿ ಈಗ ಮೆಟ್ರೋ ಕಂಬ ಐತ್ರಿ. ಫೌಂಡ್ರಿ ಕೆಡವಿ ನಾಕು ವರ್ಷ ಆತು."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಸಾಹೇಬರು ನೀರು ಕುಡಿದು, ವೇದಿಕೆಯಲ್ಲಿದ್ದ ಅಧಿಕಾರಿಗಳತ್ತ ತಿರುಗಿದರು. "ಈಕೆ ಸುಳ್ಳು ಅಳತೆ ಬರೆದದ್ದಕ್ಕೆ ಶಿಕ್ಷೆಯಾದವರು ಸಾರ್. ದಾಖಲೆ ಇದೆ."

"ಇರಲ್ರಿ," ಎಂದರು ಮೇಡಂ. "ನನ್ನ ಅಳತಿ ಸುಳ್ಳಾದ್ರ, ಅದ ಅಳತಿ ಇಂಚು ಸೈತ ತಪ್ಪದ ನಿಮ್ಮ ವರದಿಯೊಳಗ ಯಾಕ ಐತಿ?" ಮಾಲೀಕರ ಸಹಿ, ತಾರೀಖು, ಫೋಟೊಗಳಿದ್ದ ಭಾನುವಾರಗಳ ಅಳತೆ ಪುಸ್ತಕವನ್ನು ಒಯ್ದು ಅಧಿಕಾರಿಗಳ ಮೇಜಿನ ಮೇಲಿಟ್ಟರು.

ನನ್ನ ಕಡೆ ಅವರು ನೋಡಲಿಲ್ಲ. ನೋಡಿದ್ದರೆ, ಅವರಿಗಾಗಿ ಎದ್ದೆ ಎಂದು ಹೇಳಿಕೊಳ್ಳಬಹುದಿತ್ತು. ನಾನಾಗೇ ಎದ್ದೆ. "ನಾನು ಹತ್ತಿದ್ದೀನಿ ಸಾರ್, ಎರಡು ಸಲಾನೂ. ಹತ್ತಿಲ್ಲ ಅಂತ ಬರ್ಕೊಟ್ಟಿದ್ದು ಸುಳ್ಳು. ಬರೆಸ್ಕೊಂಡೋರು ಅಲ್ಲಿ ನಿಂತಿದಾರೆ."

ಸಾಹೇಬರು ಕಾಗದಗಳನ್ನು ಜೋಡಿಸಿಕೊಳ್ಳುವಾಗ ಎರಡು ಸಲ ಕೆಳಗೆ ಬೀಳಿಸಿದರು. ಯಾರೂ ಎತ್ತಿಕೊಡಲಿಲ್ಲ. ನಾನು ಎಷ್ಟೋ ಮದುವೆ, ಹಬ್ಬಗಳನ್ನು ಮರೆತಿದ್ದೇನೆ. ಆ ಬಗ್ಗಿದ ಬೆನ್ನನ್ನು ಮರೆತಿಲ್ಲ, ಮರೆಯುವ ಇಷ್ಟವೂ ಇಲ್ಲ.

ಕಂಪನಿ ಸಾಹೇಬರನ್ನು ಕೈಬಿಟ್ಟಿತು. ನನ್ನ ಗುತ್ತಿಗೆಯನ್ನು ಕಚೇರಿ ಕೈಬಿಟ್ಟಿತು. ಮೇಡಂ ಮೇಲಿನ ಆರೋಪ ತೆಗೆದು, ನಿವೃತ್ತಿಗೆ ಒಂದು ವರ್ಷವಿರುವಾಗ ಹಳೆಯ ಕುರ್ಚಿಗೆ ಕರೆತಂದರು. ಅವರ ಯೋಜನೆಯ ಒಂದು ಭಾಗ ಹೊಸ ರಟ್ಟಿನಲ್ಲಿ ಹೊರಬಂತು, ಯಾರ ಹೆಸರೂ ಇಲ್ಲದೆ. ನನಗೆ ಸಿಟ್ಟು ಬಂತು. ಅವರು ಪುಟ ತಿರುವಿ ನೋಡಿ, "ನನ್ನ ಹೆಸರು ಬ್ಯಾಡ. ಅವನ ಹೆಸರಿಲ್ಲ ಅಲ್ರೀ, ಸಾಕು" ಎಂದರು.

ಸಾಹೇಬರು ಆಮೇಲೆ ಎರಡು ಸಲ ಹೇಳಿಕಳಿಸಿದರು, ಒಮ್ಮೆ ಭೇಟಿಯಾಗಿ ಕ್ಷಮೆ ಕೇಳಬೇಕು ಎಂದು. ಮೇಡಂ ಹೋಗಲಿಲ್ಲ. "ಕೇಳಿದ್ರ ಅವಗ ಹಗುರಾಗ್ತೈತಿ. ನಾ ಯಾಕ ಹಗುರ ಮಾಡ್ಲಿ?" ನನ್ನನ್ನು ಕ್ಷಮಿಸಿದ್ದೀರಾ ಎಂದು ನಾನೂ ಒಮ್ಮೆ ಕೇಳಿದ್ದೆ. ಆಗ ನಾನು ಛಾವಣಿಗಳಿಗೆ ಸೋಲಾರ್ ಕೂರಿಸುವ ಸಣ್ಣ ಕೆಲಸ ಸ್ವಂತಕ್ಕೆ ಶುರುಮಾಡಿದ್ದೆ. ಅವರಿಂದ ಕಲಿತ ವಿದ್ಯೆಯಲ್ಲೇ ಇವತ್ತಿಗೂ ನಮ್ಮ ಮನೆ ನಡೆಯುವುದು. "ಇಲ್ರಿ," ಎಂದರು, ಯೋಚಿಸಲೂ ಇಲ್ಲ. "ಆ ಪ್ಯಾನೆಲ್ ಇನ್ನೊಂದ ಸ್ವಲ್ಪ ದಕ್ಷಿಣಕ್ಕ ತಿರುಗಿಸ್ರಿ."

ನಿವೃತ್ತರಾಗಿ ಮೂರು ವರ್ಷಕ್ಕೆ, ನಾಗಸಂದ್ರದ ಬಾಡಿಗೆ ಮನೆಯಲ್ಲಿ ಹೃದಯ ನಿಂತು ತೀರಿಕೊಂಡರು. ಗದಗದಿಂದ ಅವರ ಅಕ್ಕ ಬಂದಿದ್ದರು. ನಾನು ಹೋದಾಗ ಸಾಹೇಬರ ಕಾರು ಗೇಟಿನ ಎದುರು ನಿಂತಿತ್ತು. ದೊಡ್ಡ ಹಾರ ಹಿಡಿದು ಅವರು ಮೆಟ್ಟಿಲವರೆಗೂ ಬಂದಿದ್ದರು. ಅಕ್ಕ ಬಾಗಿಲಿಗೆ ಅಡ್ಡ ನಿಂತು, ದನಿ ಏರಿಸದೆ ಹೇಳಿದರು: "ನೀವು ಬಂದ್ರ ಒಳಗ ಬಿಡಬ್ಯಾಡ ಅಂತ ನನ್ನ ತಂಗಿ ಮೊದಲ ಹೇಳ್ಯಾಳ್ರಿ." ಸಾಹೇಬರು ಹಾರದ ಸಮೇತ ಕಾರು ಹತ್ತಿದರು. ನನ್ನ ಹೊಟ್ಟೆ ತಣ್ಣಗಾಯಿತು. ಸಾವಿನ ಮನೆಯ ಮುಂದೆ ಹಾಗನ್ನಿಸಬಾರದು. ಅನ್ನಿಸಿತು.

ಅಕ್ಕ ನನ್ನತ್ತ ತಿರುಗಿದರು. "ನೀವ್ಯಾರ್ರಿ?"

ಹೆಸರು ಹೇಳಿದೆ. ಒಳಗೆ ಬಿಡಬೇಡವೆಂದವರಲ್ಲಿ ನನ್ನ ಹೆಸರೂ ಇದ್ದೀತು ಎಂದುಕೊಂಡೆ.

"ನಿಮ್ಮ ವಿಷಯ ಏನೂ ಹೇಳಿಲ್ರಿ," ಎಂದು ಬಾಗಿಲಿಂದ ಸರಿದು ನಿಂತರು. "ಬರೂದು ಬಿಡೂದು ನೀವ ನೋಡ್ರಿ."

ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ.