ಆಡಿಟರ ಹೆಂಡತಿಯರ ಬಸ್ಸು

ಬೀದಿಯವರೆಲ್ಲ ಆಡಿಟರಮ್ಮ ಅಂತಲೇ ಕರೆಯುತ್ತಿದ್ದ ಆಕೆ ಲೆಕ್ಕದ ಪುಸ್ತಕ ಬಿಡಿಸಿ ನೋಡಿದವಳೇ ಅಲ್ಲ. ಆಡಿಟರು ಆಕೆಯ ಗಂಡ. ಆದರೂ ಲೆಕ್ಕಪರಿಶೋಧಕರ ವಿಶ್ವ ಸಮ್ಮೇಳನಕ್ಕೆ ನಾಲ್ಕು ಸಲ ಹೋಗಿಬಂದಿದ್ದಳು. ಐದು ವರ್ಷಕ್ಕೊಮ್ಮೆ, ಪ್ರತಿಸಲ ಬೇರೆ ದೇಶ. ಗಂಡಸರು ಸಭಾಂಗಣದಲ್ಲಿ ಭಾಷಣ ಕೇಳುವಾಗ, ಜೊತೆಗೆ ಬಂದ ಹೆಂಡತಿಯರಿಗೆ ಊರು ತೋರಿಸಲು ಒಂದು ಬಸ್ಸು ಇರುತ್ತಿತ್ತು.

ಮೊದಲ ಸಲ ಆ ಬಸ್ಸು ಗಾಜಿನ ಕಾರ್ಖಾನೆಗೆ ಹೋಯಿತು. ಮುದುಕನೊಬ್ಬ ಕೊಳವೆ ಊದಿ ಹೂಜಿ ಮಾಡುವುದನ್ನು ನೋಡುತ್ತಾ ಆಕೆ ಮೈಮರೆತಳು. ಹೊರಗೆ ಬಂದರೆ ಬಸ್ಸಿಲ್ಲ! ಅದೇ ಸಮ್ಮೇಳನದ ಬಿಲ್ಲೆ ಸಿಕ್ಕಿಸಿಕೊಂಡ ಇನ್ನೊಬ್ಬ ಹೆಂಗಸು, ಬೇರೆ ದೇಶದವಳು, ಬಾಗಿಲೆತ್ತರದವಳು, ಕಣ್ಣುಕಣ್ಣು ಬಿಡುತ್ತಾ ನಿಂತಿದ್ದಳು. ಇವಳ ಮಾತು ಅವಳಿಗೆ ತಿಳಿಯದು, ಅವಳದು ಇವಳಿಗೆ. ಮುಖ ಮುಖ ನೋಡಿಕೊಂಡು ಇಬ್ಬರೂ ನಕ್ಕುಬಿಟ್ಟರು. ಬಿಲ್ಲೆ ತೋರಿಸಿ ದಾರಿ ಕೇಳುತ್ತಾ, ತಂತಮ್ಮ ಭಾಷೆಯಲ್ಲೇ ಹರಟುತ್ತಾ ಹೋಟೆಲು ಮುಟ್ಟಿದಾಗ ಸಂಜೆ. ಮೆಟ್ಟಿಲ ಮೇಲೆ ಇಬ್ಬರ ಗಂಡಂದಿರೂ ಯಾವುದೋ ತೆರಿಗೆಯ ಚರ್ಚೆಯಲ್ಲಿ ಮುಳುಗಿದ್ದರು.

"ಊರವರ ಲೆಕ್ಕದಲ್ಲಿ ಪೈಸೆ ತಪ್ಪಿದ್ರೂ ಹಿಡೀತೀರಿ. ಹೆಂಡತಿ ಕಮ್ಮಿ ಬಿದ್ದಿದ್ದು ಗೊತ್ತಾಗ್ಲಿಲ್ವಾ?" ಅಂದಳು ಆಡಿಟರಮ್ಮ.

"ಬಸ್ಸೇ ತಡ ಅಂದ್ಕೊಂಡೆ ಕಣೇ," ಅಂದರು ಆಡಿಟರು.

ಮುಂದಿನ ಎರಡು ಸಮ್ಮೇಳನಗಳಲ್ಲೂ ಇಬ್ಬರಿಗೂ ಬಸ್ಸಿನಲ್ಲಿ ಅಕ್ಕಪಕ್ಕದ ಸೀಟೇ ಆಗಬೇಕು. ಮಕ್ಕಳ ಫೋಟೋ, ಆಮೇಲೆ ಮೊಮ್ಮಕ್ಕಳದು. ನಾಲ್ಕನೆಯ ಸಲ ಎತ್ತರದವಳ ಗಂಡ ಒಬ್ಬನೇ ಬಂದಿದ್ದ. ಆಡಿಟರಮ್ಮ ಕಣ್ಣಲ್ಲೇ ಕೇಳಿದಳು. ಅವನು ಇಲ್ಲವೆಂದು ತಲೆಯಾಡಿಸಿ, ಆಕೆಯ ಕೈ ಹಿಡಿದುಕೊಂಡ. ಅವತ್ತು ಆಕೆ ಬಸ್ಸು ಹತ್ತಲಿಲ್ಲ. ಕೋಣೆಯ ಕಿಟಕಿ ಪಕ್ಕ ಕೂತು ಒಬ್ಬಳೇ ಅತ್ತಳು.

ಆಡಿಟರಿಗೆ ಈಗ ಎಂಬತ್ತು. ಮಂಡಿ ನೋವು, ಪ್ರಯಾಣ ದೂರದ ಮಾತು. ಈ ಸಲದ ಸಮ್ಮೇಳನವನ್ನು ಮಗಳು ಮನೆಯ ಟಿವಿಯಲ್ಲೇ ಹಾಕಿಕೊಟ್ಟಳು. ಆಡಿಟರಮ್ಮ ಜೀವಮಾನದಲ್ಲಿ ಮೊದಲ ಬಾರಿಗೆ ಆ ಭಾಷಣ ಕೇಳಲು ಕೂತಳು. ಹತ್ತೇ ನಿಮಿಷಕ್ಕೆ ಆಕಳಿಕೆ ಬಂತು.

"ರೀ, ಇದನ್ನ ಕೇಳೋಕಾ ಅಷ್ಟು ದೂರ ಹೋಗ್ತಿದ್ದಿದ್ದು?"

"ಕೇಳ್ತಿದ್ದೋರು ಯಾರು? ಹಿಂದಿನ ಸಾಲಲ್ಲಿ ಚೆನ್ನಾಗಿ ನಿದ್ದೆ ಹೊಡೀತಿದ್ವಿ."

"ಅಯ್ಯೋ ನಿಮ್ಮ! ನಮ್ ಬಸ್ಸಿಗೇ ಬರಬಹುದಿತ್ತಲ್ಲ?"

"ಗಂಡಸರನ್ನ ಹತ್ತಿಸ್ಕೊಳ್ಳಲ್ಲ ಅಂದ್ರು ಕಣೇ. ಕೇಳಿದ್ದೆ. ಎರಡು ಸಲ."

ಇಷ್ಟು ವರ್ಷ ಅದು ಆಕೆಗೆ ಗೊತ್ತೇ ಇರಲಿಲ್ಲ. ಟಿವಿಯ ಸದ್ದು ತಗ್ಗಿಸಿ, ಮೊದಲ ಊರಿನಲ್ಲಿ ಏನೇನು ನೋಡಿದೆ ಅಂತ ಒಂದೊಂದಾಗಿ ಹೇಳತೊಡಗಿದಳು. ಆಡಿಟರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.